ತಿರುವಿನಲ್ಲಿ ಕೊಡದ ಬಿಲ್ಲೆ

ಓಡುವುದಕ್ಕೆಂದೇ ಸಮುದ್ರ ದಾಟಿ ಬರುವ ಜನ ಇದ್ದಾರೆಂದು ನನಗೆ ಗೊತ್ತಾದದ್ದು ಅಂಡಮಾನಿನಲ್ಲಿ. ಎಂಬತ್ತರ ದಶಕದ ನಡುಭಾಗದ ಮಾತು ಇದು. ನಾನು ಅಲ್ಲಿಗೆ ಹೋದದ್ದು ಓಡುವುದಕ್ಕಲ್ಲ, ಕಲ್ಲು ಕೊರೆಯುವುದಕ್ಕೆ. ಗುಡ್ಡದ ಆಚೆಯ ನೀರನ್ನು ಊರಿಗೆ ತರಲು ಅಲ್ಲಿ ಸುರಂಗ ತೆಗೆಯುತ್ತಿದ್ದರು. ನಡುವೆ ಗಟ್ಟಿ ಬಂಡೆ ಸಿಕ್ಕಿ ಕೆಲಸ ನಿಂತಿತು. ಕೆ.ಜಿ.ಎಫ್.ನವರು ಪಾತಾಳಕ್ಕೇ ತೂತು ಹೊಡೆದವರು, ಅವರನ್ನು ಕರೆಸಿ ಎಂದು ಯಾರೋ ಹೇಳಿದರಂತೆ. ನಮ್ಮ ಗಣಿಯಿಂದ ಆರು ಜನ ಡ್ರಿಲ್ಲರುಗಳನ್ನು ಮೂರು ತಿಂಗಳಿಗೆಂದು ಕಳಿಸಿದರು. ಮದರಾಸಿನಿಂದ ಹಡಗಿನಲ್ಲಿ ನಾಲ್ಕು ದಿನ ವಾಂತಿ ಮಾಡಿಕೊಂಡು ಹೋಗಿ ಇಳಿದೆವು. ನಮ್ಮ ಮೇಲಿನ ಸಾಹೇಬರು, ಗಣಿಯ ಒಬ್ಬ ಕಿರಿಯ ಇಂಜಿನಿಯರು, ವಿಮಾನದಲ್ಲಿ ಬಂದು ನಮಗಿಂತ ಮೊದಲೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಕೂತಿದ್ದರು.

ಹೊರಡುವ ದಿನ ಅಮ್ಮ ಎಮ್ಮೆಗೆ ಹುಲ್ಲು ಹಾಕುತ್ತಾ ಕೇಳಿದ್ದಳು, "ಏನ್ಲಾ, ಸಮುದ್ರ ದಾಟ್ಕೊಂಡು ಓಗಿ ಕಲ್ಲು ಒಡೀಬೇಕಾ? ನಮ್ ಕಡೆ ಇರೋ ಕಲ್ಲು ಸಾಲ್ದಾಯ್ತಾ ನಿಂಗೆ?"

"ಮೈನ್ಸ್‌ನೋರು ಕಳಿಸ್ತಾವ್ರೆ ಕಣಮ್ಮ. ನಾನೇನ್ ಕೇಳ್ಕೊಂಡ್ನಾ" ಎಂದೆ. ನಿಜ ಹೇಳಬೇಕೆಂದರೆ ನಾನೇ ಹೋಗಿ ಹೆಸರು ಕೊಟ್ಟು ಬಂದಿದ್ದೆ. ಬೂದಿಕೋಟೆ ಕಡೆಯ ಹಳ್ಳಿಯವನಿಗೆ ಸಮುದ್ರ ನೋಡುವ ಆಸೆ ಇರಬಾರದೇ?

ಓಟದ ಹುಚ್ಚು ನನಗೆ ಹೇಗೆ ಹತ್ತಿತೆಂದು ಕೇಳಿದರೆ ನಮ್ಮೂರಿನ ಬಸ್ಸನ್ನು ಕೇಳಬೇಕು. ಬೆಳಗಿನ ಪಾಳಿಗೆ ಬಂಗಾರಪೇಟೆಯಲ್ಲಿ ರೈಲು ಹಿಡಿಯಬೇಕು, ಅದಕ್ಕೆ ಬೂದಿಕೋಟೆಯಿಂದ ಮೊದಲ ಬಸ್ಸು ಬರಬೇಕು. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಾರದ ದಿನ ಟಿಫಿನ್ ಡಬ್ಬಿಯನ್ನು ಟವೆಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಓಡುತ್ತಿದ್ದೆ. ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ಸೈಕಲ್ಲುಗಳವರು ಏರಿನಲ್ಲಿ ಇಳಿದು ತಳ್ಳುತ್ತಿರುವಾಗ ನಾನು ಅವರನ್ನು ದಾಟಿ ಹೋಗುತ್ತಿದ್ದೆ. ಮೊದಮೊದಲು ರೈಲು ತಪ್ಪುತ್ತಿತ್ತು, ಆಮೇಲೆ ತಪ್ಪಲಿಲ್ಲ. ಏಳೆಂಟು ವರ್ಷ ಹೀಗೆ ಓಡಿದ ಮೇಲೆ ಬಸ್ಸು ಬಂದ ದಿನವೂ ಓಡತೊಡಗಿದೆ. ಗಣಿಯವರ ಕ್ರೀಡಾಕೂಟದಲ್ಲಿ ಉದ್ದದ ಓಟಕ್ಕೆ ನಿಂತೆ, ಗೆದ್ದೆ. ಬಹುಮಾನ ಸ್ಟೀಲಿನ ಟಿಫಿನ್ ಕ್ಯಾರಿಯರು. ಮರುವರ್ಷವೂ ಗೆದ್ದೆ, ಮತ್ತೆ ಟಿಫಿನ್ ಕ್ಯಾರಿಯರು. ಮೂರನೆಯದು ಮನೆಗೆ ಬಂದಾಗ ಅಮ್ಮ, "ಮುಂದಿನ್ ವರ್ಸ ಒಂದ್ ಕೊಡಪಾನ ಕೊಡ್ರಪ್ಪ ಅಂತ ಏಳ್ಲಾ" ಎಂದಳು.

ಸುರಂಗದ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ದ್ವೀಪಕ್ಕೆ ಪ್ರವಾಸಿಗರನ್ನು ಸೆಳೆಯಬೇಕೆಂದು ಅಲ್ಲಿನ ದೊಡ್ಡವರು ಸೇರಿ ಕಮಿಟಿ ಮಾಡಿಕೊಂಡು ಮ್ಯಾರಥಾನ್ ಓಟ ಇಟ್ಟರು. ನಲವತ್ತೆರಡು ಕಿಲೋಮೀಟರು. ಸಮುದ್ರದ ದಂಡೆಯ ರಸ್ತೆಯಲ್ಲಿ ಅರ್ಧ ಹೋಗಿ, ಒಂದು ಹಳ್ಳಿಯ ಹತ್ತಿರ ತಿರುಗಿ, ಬಂದ ದಾರಿಯಲ್ಲೇ ವಾಪಸು ಬರುವುದು. ಬೊಂಬಾಯಿ, ಕಲ್ಕತ್ತ, ಇನ್ನೂ ಎಲ್ಲೆಲ್ಲಿಂದಲೋ ಜನ ಬಂದಿಳಿದರು. ಬಿಳಿಯರೂ ಇದ್ದರು. ಸಾಹೇಬರಿಗೆ ನನ್ನ ಟಿಫಿನ್ ಕ್ಯಾರಿಯರುಗಳ ವಿಷಯ ಗೊತ್ತಿತ್ತು. "ನಮ್ಮ ಮೈನ್ಸ್ ಹೆಸರು ಇಲ್ಲೂ ಕೇಳಿಸ್ಲಯ್ಯ, ನೀನು ಓಡು" ಎಂದರು. ಹಿಂದಿನ ಸಂಜೆ ಹೋಟೆಲಿನಲ್ಲಿ ಓಡುವವರ ಸಭೆ ಇತ್ತು, ನಿಯಮಗಳನ್ನು ಹೇಳುವ ಸಭೆ. ನಾನೂ ಬರುತ್ತೇನೆ ಅಂದರೆ, "ನೀನ್ಯಾಕೆ? ಅಲ್ಲೆಲ್ಲ ಇಂಗ್ಲಿಷಲ್ಲಿ ಮಾತಾಡ್ತಾರೆ. ಡ್ಯೂಟಿ ಮುಗಿಸಿ ಮಲಕ್ಕೋ, ನಾನು ಹೋಗ್ಬರ್ತೀನಿ" ಎಂದರು. ಹೋದರು, ಊಟ ಮಾಡಿದರು, ಬಂದರು. ಒಂದು ತಗಡಿನ ಬಿಲ್ಲೆಯನ್ನು ನನ್ನ ಕೈಗಿಟ್ಟರು. ಅದರ ಮೇಲೆ ನಂಬರು ಹೊಡೆದಿತ್ತು. "ಇದನ್ನ ಕಳ್ಕೋಬೇಡ, ಜೋಪಾನ" ಎಂದರು. ಅಷ್ಟೇ. ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳಲಿಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ನಮ್ಮ ಆರು ಜನರಲ್ಲಿ ಹಿರಿಯ ಡ್ರಿಲ್ಲರು ಒಬ್ಬನಿದ್ದ. ಗಣಿ ಕಾಲೋನಿಯ ಕೋರಮಂಡಲ್ ಲೈನುಮನೆಯವನು, ಮನೆಮಾತು ತಮಿಳು. ನನಗೆ ಕೆಲಸ ಕಲಿಸಿದವನು ಅವನೇ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ತಂಬಿ ಎನ್ನುತ್ತಿದ್ದ. ಓಟದ ದಿನ ಬೆಳಗ್ಗೆ ಅವನೇ ಬಿಲ್ಲೆಯನ್ನು ನನ್ನ ಚಡ್ಡಿಯ ಜೇಬಿಗೆ ಹಾಕಿ, ಬೀಳದ ಹಾಗೆ ಬಾಯಿಗೆ ಎರಡು ಪಿನ್ನು ಚುಚ್ಚಿದ.

ಹೊರಡುವ ಜಾಗದಲ್ಲಿ ನೋಡಬೇಕಿತ್ತು ವೈಭವವನ್ನು. ಒಬ್ಬೊಬ್ಬರ ಕಾಲಲ್ಲೂ ಬಣ್ಣಬಣ್ಣದ ಬೂಟು. ಬೊಂಬಾಯಿಯ ಒಬ್ಬ ಮಹಾರಾಯನ ಎರಡೂ ಮಂಡಿಗೆ ಅವನ ಹೆಂಡತಿ ಕುಕ್ಕರುಗಾಲಿನಲ್ಲಿ ಕೂತು ಎಣ್ಣೆ ತಿಕ್ಕುತ್ತಿದ್ದಳು. ನನ್ನ ಕಾಲಲ್ಲಿ ಬಂಗಾರಪೇಟೆ ಬಜಾರಿನ ಕ್ಯಾನ್ವಾಸ್ ಬೂಟು. ನನ್ನ ಬೂಟು ನೋಡಿ ಇಬ್ಬರು ಏನೋ ಹೇಳಿಕೊಂಡು ನಕ್ಕರು. ನಗ್ರಪ್ಪ ನಗ್ರಿ, ಇನ್ನು ಎರಡು ಗಂಟೆ ಆದ ಮೇಲೆ ಉಸಿರಿದ್ದರೆ ನಗ್ರಿ ಎಂದುಕೊಂಡೆ.

ಬಿಸಿಲು ಏರಿತು. ಅಲ್ಲಿನ ಬಿಸಿಲು ನಮ್ಮ ಕಡೆಯದರಂತಲ್ಲ. ನಮ್ಮಲ್ಲಿ ಬೆವರು ಆರುತ್ತದೆ, ಅಲ್ಲಿ ಬೆವರು ಬರುತ್ತದೆ, ಮೈಮೇಲೇ ನಿಲ್ಲುತ್ತದೆ. ಬೂಟಿನವರು ಒಬ್ಬೊಬ್ಬರಾಗಿ ತೆಂಗಿನ ಮರದಡಿ ಕೂತರು. ನನಗೆ ಅದು ಹೊಸದಲ್ಲ. ಗಣಿಯ ಕೆಳಮಟ್ಟಗಳಲ್ಲಿ ಬಂಡೆಯೇ ಸುಡುತ್ತದೆ, ಗಾಳಿ ಬೇಕೆಂದರೆ ಸಿಗುವುದಿಲ್ಲ. ಅಲ್ಲಿ ಎಂಟು ಗಂಟೆ ಮೆಷಿನ್ನು ಹಿಡಿದವನಿಗೆ ಈ ಸಮುದ್ರದ ಗಾಳಿ ಯಾವ ಲೆಕ್ಕ? ಒಂದೇ ವೇಗದಲ್ಲಿ ಹೋದೆ.

ತಿರುವಿನ ಹಳ್ಳಿ ಬಂತು. ತೆಂಗಿನ ಮರಗಳ ಕೆಳಗೆ ಒಂದು ಮೇಜು, ಡೋಲು ಬಡಿಯುವವರು, ಒಂದು ಲಾರಿ. ಕೊಡೆ ಹಿಡಿದ, ಕನ್ನಡಕದ ಒಬ್ಬ ಮೇಷ್ಟ್ರು ದೊಡ್ಡ ಡಬ್ಬವೊಂದನ್ನು ಹಿಡಿದು ನಿಂತಿದ್ದರು. ನನ್ನ ಮುಂದೆ ಹೋಗುತ್ತಿದ್ದ ಒಬ್ಬ ದಪ್ಪ ಮನುಷ್ಯ ಅಲ್ಲಿಗೆ ಬಂದ, ತನ್ನ ಬಿಲ್ಲೆಯನ್ನು ಡಬ್ಬಕ್ಕೆ ಹಾಕಿದ, ಎದೆ ಹಿಡಿದುಕೊಂಡು ಹೋಗಿ ಲಾರಿ ಹತ್ತಿದ. ಲಾರಿಯಲ್ಲಿ ಆಗಲೇ ಇನ್ನಿಬ್ಬರು ಕೂತಿದ್ದರು. ಓಹೋ, ಇಲ್ಲಿಗೆ ಸಾಕು ಅನ್ನುವವರು ಬಿಲ್ಲೆ ಒಪ್ಪಿಸಿ ಲಾರಿ ಹತ್ತಬೇಕು ಎಂದು ನನಗೆ ಸ್ಪಷ್ಟವಾಯಿತು. ಮೇಷ್ಟ್ರು ಡಬ್ಬವನ್ನು ನನ್ನ ಕಡೆ ಚಾಚಿ ಹಿಂದಿಯಲ್ಲಿ ಏನೋ ಹೇಳಿದರು. ನಾನು ಜೇಬನ್ನು ಕೈಯಲ್ಲಿ ಮುಚ್ಚಿಕೊಂಡು, "ನಿಕ್ಕಮಾಟ್ಟೇನ್ ಸಾರ್" ಎಂದು ಕೂಗಿ, ನಿಲ್ಲುವವನು ನಾನಲ್ಲ ಎಂದು ಬಂದ ದಾರಿಯನ್ನು ತೋರಿಸಿ ತಿರುಗಿಬಿಟ್ಟೆ. ಗೊತ್ತಿಲ್ಲದ ಊರಿನಲ್ಲಿ ಗೊತ್ತಿಲ್ಲದವರನ್ನು ಕಂಡರೆ ನಮ್ಮ ಗಣಿಯವರ ಬಾಯಿಗೆ ಮೊದಲು ಬರುವುದು ತಮಿಳು. ಡೋಲಿನ ಸದ್ದಿನಲ್ಲಿ ಅವರು ಹಿಂದಿನಿಂದ ಏನೋ ಕೂಗಿದರು. ಹುರಿದುಂಬಿಸುತ್ತಿದ್ದಾರೆಂದು ಕೈ ಬೀಸಿದೆ.

ಇಲ್ಲಿ ಗಣಿಯ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನನ್ನನ್ನು ಪೆದ್ದ ಎನ್ನುತ್ತೀರಿ. ನಮ್ಮಲ್ಲಿ ಕೆಳಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರು ಹೊಡೆದ ಒಂದು ಹಿತ್ತಾಳೆ ಬಿಲ್ಲೆ. ಟೈಮ್ ಆಫೀಸಿನ ಹಲಗೆಯಲ್ಲಿ ಅವನ ಮೊಳೆಯಿಂದ ಅದನ್ನು ತೆಗೆದುಕೊಂಡು ಇಳಿಯಬೇಕು, ಮೇಲೆ ಬಂದ ಮೇಲೆ ತನ್ನ ಕೈಯಾರೆ ಅದೇ ಮೊಳೆಗೆ ತಗುಲಿಸಬೇಕು. ಮೊಳೆ ಖಾಲಿ ಇದ್ದರೆ ಮನುಷ್ಯ ಕೆಳಗಿದ್ದಾನೆ. ಬಿಲ್ಲೆ ಇದ್ದರೆ ಮೇಲೆ ಬಂದ, ಮನೆಗೆ ಹೋದ. ಒಳಗೆ ಬಂಡೆ ಸಿಡಿದ ದಿನ ಹೆಂಗಸರು ಓಡಿ ಬಂದು ಮೊದಲು ನೋಡುವುದು ಆ ಹಲಗೆಯನ್ನು. ಬಹಳ ಹಿಂದೆ ಎಲ್ಲೋ ಒಬ್ಬ, ಇನ್ನೊಂದು ತೂತು ಕೊರೆದು ಬರುತ್ತೇನೆಂದು ತನ್ನ ಬಿಲ್ಲೆಯನ್ನು ಜೊತೆಗಾರನ ಕೈಲಿ ಮೇಲೆ ಕಳಿಸಿದನಂತೆ. ಆಮೇಲೆ ಬಂಡೆ ಬಿತ್ತು. ಹಲಗೆಯಲ್ಲಿ ಬಿಲ್ಲೆ ಇತ್ತಲ್ಲ, ಯಾರೂ ಹುಡುಕಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಅಣ್ಣ ಇದನ್ನು ನನಗೆ ಹೇಳಿ, "ಉಸ್ರು ಬೇಕಾದ್ರೂ ಕೊಡು ತಂಬಿ, ಬಿಲ್ಲೆ ಮಾತ್ರ ಯಾರ ಕೈಗೂ ಕೊಡ್ಬೇಡ" ಎಂದಿದ್ದ. ಹದಿನೈದು ವರ್ಷ ಹಾಗೇ ಬದುಕಿದವನು ನಾನು. ಅರ್ಧ ದಾರಿಯಲ್ಲಿ, ಇನ್ನೂ ವಾಪಸು ಹೋಗಬೇಕಾದವನು, ಯಾರೋ ಡಬ್ಬ ಚಾಚಿದರು ಅಂತ ಕೊಟ್ಟುಬಿಡುತ್ತೇನೆಯೇ?

ವಾಪಸಿನ ದಾರಿಯಲ್ಲಿ ಕಾಲಿನ ಉಗುರು ಎದ್ದಿತು. ಒಂದು ಕಡೆ ಅಜ್ಜಿಯೊಬ್ಬಳು ಎಳನೀರು ಕೊಟ್ಟಳು, ಓಡುತ್ತಲೇ ಕುಡಿದೆ. ಕೊನೆಯ ಏರಿನಲ್ಲಿ ಆ ಬೊಂಬಾಯಿ ಮಹಾರಾಯನನ್ನು ದಾಟಿದೆ. ಮೂರನೆಯವನಾಗಿ ಮುಗಿಸಿದೆ. ಅಣ್ಣ ಮತ್ತು ಉಳಿದವರು ಹಗ್ಗದ ಆಚೆ ನಿಂತು ಶಿಳ್ಳೆ ಹೊಡೆದರು, ಸಾಹೇಬರು ಚಪ್ಪಾಳೆ ತಟ್ಟಿದರು. ನಾನು ನೇರ ಮೇಜಿನ ಹತ್ತಿರ ಹೋಗಿ, ಪಿನ್ನು ಬಿಚ್ಚಿ, ಬಿಲ್ಲೆಯನ್ನು ಕಮಿಟಿಯ ಸೆಕ್ರೆಟರಿಯ ಮುಂದೆ ಇಟ್ಟೆ. ಮೇಲೆ ಬಂದೆ, ಇಗೋ ನನ್ನ ಬಿಲ್ಲೆ ಎಂಬ ಹಾಗೆ ಇಟ್ಟೆ.

ಸೆಕ್ರೆಟರಿ ಬಿಳಿ ಟೋಪಿಯ ಮನುಷ್ಯ, ಕೊರಳಲ್ಲಿ ಸೀಟಿ. ಬಿಲ್ಲೆ ನೋಡಿದ, ನನ್ನನ್ನು ನೋಡಿದ, ಸಾಹೇಬರನ್ನು ಕರೆದ. ಬಿಲ್ಲೆಯನ್ನು ತಿರುವಿನಲ್ಲಿ ಡಬ್ಬಕ್ಕೆ ಹಾಕಬೇಕಿತ್ತು, ಅಲ್ಲಿಗೆ ಹೋಗಿದ್ದಕ್ಕೆ ಅದೇ ಗುರುತು, ಇವನ ಕೈಯಲ್ಲೇ ಇದೆ ಅಂದರೆ ಇವನು ತಿರುವಿಗೆ ಹೋಗಿಯೇ ಇಲ್ಲ ಎಂದ. ಅಷ್ಟರಲ್ಲಿ ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡವನು ಬಂದು, ಈ ಮನುಷ್ಯನನ್ನು ತಿರುವಿನಲ್ಲಿ ನಾನು ನೋಡಲೇ ಇಲ್ಲ, ನಡುವೆ ಎಲ್ಲೋ ಮರದ ಹಿಂದೆ ಅವಿತಿದ್ದು ಬಂದಿದ್ದಾನೆ ಎಂದು ಬರೆದೇ ಕೊಟ್ಟ. ಅವನು ನಾಲ್ಕನೆಯವನು. ನಾನು ಹೋದರೆ ಅವನು ಮೂರನೆಯವನು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಹಾಗಾಯಿತು ಆ ಕಮಿಟಿಯವರ ನ್ಯಾಯ.

ನನ್ನ ಮೈಯೆಲ್ಲ ಉರಿದುಹೋಯಿತು. ನನಗೆ ಬರುವ ಮೂರು ಭಾಷೆಯಲ್ಲೂ ಕೂಗಾಡಿದೆ. ಕೊಡೆ ಹಿಡಿದ ಮೇಷ್ಟ್ರಿದ್ದಾರೆ, ಕರೆಸಿ ಕೇಳಿ ಎಂದೆ. ಅವರು ಲಾರಿಯ ಜೊತೆ ಕೊನೆಯ ಓಟಗಾರನ ಹಿಂದೆ ಬರುತ್ತಾರೆ, ಇನ್ನೂ ಎರಡು ಗಂಟೆ ಬೇಕು, ಬಹುಮಾನ ಕೊಡುವ ದೊಡ್ಡ ಅಧಿಕಾರಿ ಆಗಲೇ ಹೊರಟಿದ್ದಾರೆ ಎಂದರು. ಇವರ ಅಧಿಕಾರಿಗೆ ಬಿಸಿಲು ತಾಗಬಾರದು, ಅದಕ್ಕೆ ನಾನು ಕಳ್ಳನಾಗಬೇಕು.

ಸಾಹೇಬರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. ಅಣ್ಣನೂ ಹಿಂದೆ ಬಂದ.

"ತಿರುವಿನಲ್ಲಿ ಹಾಕ್ಬೇಕು ಅಂತ ಮೀಟಿಂಗಲ್ಲಿ ಹೇಳಿದ್ರು ಕಣಯ್ಯ. ನಿಂಗೆ ಹೇಳೋದು ಮರೆತೇಹೋಯ್ತು" ಎಂದರು.

"ಅದನ್ನೇ ಅವ್ರಿಗೆ ಏಳಿ ಸಾರ್. ಏಳೋದು ಮರ್ತೆ, ತಪ್ಪು ನಂದು ಅನ್ನಿ. ಮುಗೀತು."

ಸಾಹೇಬರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. "ನಾನು ಮೈನ್ಸ್ ಪರವಾಗಿ ಹೋದವನು. ನಾನು ಹಾಗೆಲ್ಲ ಹೇಳೋಕಾಗುತ್ತಾ? ನೋಡು, ಅವರು ಒಂದು ಕಾಗದ ಕೇಳ್ತಿದಾರೆ. ತಿರುವಿಗೆ ಹೋಗ್ಲಿಲ್ಲ, ತಪ್ಪಾಯ್ತು, ಕ್ಷಮಿಸಿ ಅಂತ. ಬರೆದುಕೊಟ್ರೆ ಇಲ್ಲಿಗೇ ಮುಗಿಸ್ತಾರೆ. ಇಲ್ಲಾಂದ್ರೆ ಮೈನ್ಸಿಗೆ ರಿಪೋರ್ಟು ಮಾಡ್ತಾರೆ. ನಿನ್ನೊಬ್ಬನ ಹಟಕ್ಕೆ ಆರು ಜನಾನೂ ವಾಪಸ್ ಕಳಿಸ್ತಾರೆ, ಬೇಕಾ?"

"ಓಡಿರೋನು ಓಡಿಲ್ಲ ಅಂತ ಎಂಗ್ ಸಾರ್ ಬರ್ಕೊಡ್ತಾನೆ?"

"ಯಾರಯ್ಯ ನೋಡ್ತಾರೆ ಅದನ್ನ? ಇಲ್ಲೇ ಯಾವುದೋ ಫೈಲಲ್ಲಿ ಕೊಳೆಯುತ್ತೆ. ಕೆ.ಜಿ.ಎಫ್.ಗೆ ಒಂದು ಚೂರೂ ಬರಲ್ಲ. ನನ್ನ ಮಾತು ನಂಬು."

ಅಣ್ಣ ಬೀಡಿ ಎಸೆದು, "ಸೈನ್ ಪೋಡಾದೆ ತಂಬಿ" ಎಂದ. ಸಾಹೇಬರಿಗೆ ಕೇಳಲೆಂದು ಕನ್ನಡದಲ್ಲೂ ಹೇಳಿದ, "ಹಾಕ್ಬೇಡ. ವಾಪಸ್ ಕಳಿಸಿದ್ರೆ ಕಳಿಸ್ಲಿ. ನಮ್ಗೇನು ಮನೆ ಇಲ್ವಾ?"

ಅವನ ಮಾತು ಕೇಳಬೇಕಿತ್ತು. ಕೇಳಲಿಲ್ಲ. ಸುತ್ತ ನಿಂತ ಜನ ನನ್ನನ್ನೇ ನೋಡುತ್ತಿದ್ದರು. ಈ ದರಿದ್ರ ಮುಗಿದರೆ ಸಾಕು ಅನ್ನಿಸಿತು. ಸಾಹೇಬರು ಇಂಗ್ಲಿಷಿನಲ್ಲಿ ಬರೆದರು, ನನಗೆ ಕನ್ನಡದಲ್ಲಿ ಓದಿ ಹೇಳಿದರು. ಏನು ಬರೆದಿದೆ ಎಂದು ಪೂರ್ತಿ ಗೊತ್ತಿದ್ದೇ ನಾನು ಸಹಿ ಹಾಕಿದೆ. ಬೊಂಬಾಯಿಯವನು ಮೂರನೆಯ ಬಹುಮಾನದ ಶಂಖವನ್ನು ತಲೆಯ ಮೇಲೆತ್ತಿ ಫೋಟೊ ತೆಗೆಸಿಕೊಂಡ. ಎಕ್ಕುಟ್ಟಿ ಹೋಗಲಿ ಅವನ ಶಂಖ. ನನಗೆ ಶಂಖದ ಆಸೆ ಇರಲಿಲ್ಲ. ಓಡಿದವನು ಎನ್ನಿಸಿಕೊಳ್ಳುವ ಆಸೆ ಇತ್ತು.

ತಿಂಗಳಾದ ಮೇಲೆ ಊರಿಗೆ ಬಂದೆವು. ನಮಗಿಂತ ಮೊದಲೇ ಕಾಗದ ಬಂದಿತ್ತು. ಒಂದು ಚೂರೂ ಬರುವುದಿಲ್ಲ ಎಂದ ಕಾಗದ, ಕಮಿಟಿಯ ಮುದ್ರೆ ಹೊತ್ತು, ನನ್ನ ಸಹಿಯ ನಕಲಿನ ಸಮೇತ, ಅಂಚೆಯಲ್ಲಿ ಬಂದು ಟೈಮ್ ಆಫೀಸಿನಲ್ಲಿ ಕೈಯಿಂದ ಕೈಗೆ ತಿರುಗಿತ್ತು. ಸಾಹೇಬರನ್ನು ಕೇಳಿದರೆ, "ಅವರು ಕಳಿಸಿದ್ರೆ ನಾನೇನಯ್ಯ ಮಾಡ್ಲಿ?" ಎಂದು ಫೈಲು ತಿರುವಿದರು. ಆ ವರ್ಷದ ಕ್ರೀಡಾಕೂಟದ ಪಟ್ಟಿಯಲ್ಲಿ ನನ್ನ ಹೆಸರಿಗೆ ಗೀಟು ಎಳೆದರು. ಹೆಸರು ಕೆಡಿಸಿಕೊಂಡವನನ್ನು ಓಡಿಸಿದರೆ ಬೇರೆಯವರು ಏನೆಂದಾರು ಎಂದರು.

ರೈಲಿನಲ್ಲಿ ಇನ್ನೂ ಚೆನ್ನಾಗಿತ್ತು. ಬಂಗಾರಪೇಟೆಯಿಂದ ಗಣಿಗೆ ಹೋಗಿಬರುವ ನಾವೆಲ್ಲ ಒಂದೇ ಡಬ್ಬಿಗೆ ಹತ್ತುವವರು. ನಾನು ಹತ್ತಿದ ಕೂಡಲೇ ತೆಲುಗು ಮಾತಿನ ಒಬ್ಬ ಫಿಟ್ಟರು, "ಏಮಿರಾ, ಲಾರಿ ಎಕ್ಕಿನಾವಂಟ?" ಎಂದು, ಲಾರಿ ಹತ್ತಿದೆಯಂತಲ್ಲ ಎಂದು ಶುರು ಮಾಡುತ್ತಿದ್ದ. ಇನ್ನೊಬ್ಬ, "ಲಾರಿ ಅಲ್ಲ ಕಣ್ಲಾ, ಮರದ್ ಹಿಂದ್ಗಡೆ ಮಲ್ಗಿದ್ನಂತೆ. ಸೀಟ್ ಬಿಡ್ರಪ್ಪ, ಓಡಿ ಸುಸ್ತಾಗವ್ನೆ" ಎನ್ನುತ್ತಿದ್ದ. ಡಬ್ಬಿಯೆಲ್ಲ ನಗು. ನಾನು ಓಡಿದೀನಿ ಅಂದರೆ ಅವರ ಉತ್ತರ ಒಂದೇ, "ಮತ್ತೆ ಸೈನ್ ಯಾರ್ದು?" ಎರಡು ಸಲ ಕೈಕೈ ಮಿಲಾಯಿಸಿದೆವು. ಒಂದು ಸಲ ನನ್ನ ಅಂಗಿ ಹರಿಯಿತು.

ಅಮ್ಮನಿಗೂ ಸುದ್ದಿ ಮುಟ್ಟಿತು. ಹಾಲು ಹಾಕಲು ಹೋದ ಕಡೆ ಯಾರೋ ಹೇಳಿದ್ದರು.

"ಓಡಿದ್ಯೇನ್ಲಾ ನೀನು?"

"ಓಡ್ದೆ."

"ಮತ್ಯಾಕೆ ಇಲ್ಲ ಅಂತ ಬರ್ಕೊಟ್ಟೆ?"

"ಆಪೀಸಿನ್ ವಿಸ್ಯ ನಿಂಗ್ ಗೊತ್ತಾಗಲ್ಲ ಸುಮ್ಕಿರಮ್ಮ."

"ಅಡಿಕೆಗೆ ಓದ ಮಾನ ಆನೆ ಕೊಟ್ರೂ ಬರಾಕಿಲ್ಲ. ಇಷ್ಟ್ ಗೊತ್ತಾಗಕ್ಕೆ ಆಪೀಸ್ಗೆ ಓಗ್ಬೇಕಾ?" ಎಂದು ಮಜ್ಜಿಗೆ ಕಡೆಯುವುದಕ್ಕೆ ಕೂತಳು. ನಾನು ಅವಳ ಮೇಲೂ ರೇಗಿದೆ. ಆಗ ನಾನು ಎಲ್ಲರ ಮೇಲೂ ರೇಗುತ್ತಿದ್ದೆ. ಸಾಹೇಬರು, ಸೆಕ್ರೆಟರಿ, ಬೊಂಬಾಯಿಯವನು, ಫಿಟ್ಟರು, ಎಲ್ಲರೂ ಸೇರಿ ನನ್ನ ಮಾನ ಕಳೆದರು ಎಂದು ಓಡುವಾಗಲೂ ಒಬ್ಬನೇ ಬೈದುಕೊಳ್ಳುತ್ತಿದ್ದೆ.

ಮೂರು ತಿಂಗಳು ಕಳೆದಿರಬೇಕು. ಒಂದು ದಿನ ಪಾಳಿ ಮುಗಿಸಿ ಮೇಲೆ ಬಂದಾಗ ಟೈಮ್ ಆಫೀಸಿನವನು ಕಿಟಕಿಯಿಂದ ಒಂದು ಇನ್‌ಲ್ಯಾಂಡ್ ಲೆಟರ್ ಕೊಟ್ಟ. ಗಣಿಯ ವಿಳಾಸ, ನನ್ನ ಹೆಸರು, ಅಂಡಮಾನಿನ ಮುದ್ರೆ. ಬಿಡಿಸಿ ನೋಡಿದರೆ ತಮಿಳು. ನಮ್ಮ ಗಣಿಯಲ್ಲಿ ಇದೊಂದು ವಿಚಿತ್ರ. ತಮಿಳಿನಲ್ಲಿ ಜಗಳ ಆಡುತ್ತೇವೆ, ಹಾಡುತ್ತೇವೆ, ಸಿನಿಮಾ ನೋಡಿ ಅಳುತ್ತೇವೆ, ಆದರೆ ನನ್ನಂಥವರಿಗೆ ಒಂದಕ್ಷರ ಓದಲು ಬರುವುದಿಲ್ಲ. ಅದೃಷ್ಟಕ್ಕೆ ಅವತ್ತು ಅಣ್ಣನೂ ನನ್ನ ಜೊತೆ ರೈಲಿಗೆ ಬರುತ್ತಿದ್ದ, ಮಗಳನ್ನು ನೋಡಲು ಬಂಗಾರಪೇಟೆಗೆ. ಕೋರಮಂಡಲ್ ಸ್ಟೇಷನ್ನಿನಲ್ಲಿ ಹತ್ತಿ ಕೂತ ಮೇಲೆ ಕಾಗದವನ್ನು ಅವನ ಕೈಗಿತ್ತೆ. ಅವನು ಬೆಳಕಿಗೆ ಹಿಡಿದು, "ತಿರುವಿನ್ ಹತ್ರ ಡಬ್ಬ ಹಿಡ್ಕೊಂಡಿದ್ರಲ್ಲ ವಾಧ್ಯಾರು, ಅವ್ರು ಬರ್ದವ್ರೆ ತಂಬಿ" ಎಂದ.

ನನಗೆ ಮೈಯಲ್ಲಿ ಆನೆ ಬಲ ಬಂತು. ಎದ್ದು ನಿಂತೆ. "ಎಲ್ರೂ ಕೇಳ್ರಪ್ಪ" ಎಂದು ಇಡೀ ಡಬ್ಬಿಗೆ ಕೇಳುವ ಹಾಗೆ ಕೂಗಿದೆ. "ನಾನು ಓಡ್ದೆ ಅಂದ್ರೆ ನಂಬ್ಲಿಲ್ಲ ನೀವು. ಕಣ್ಣಲ್ಲಿ ಕಂಡೋರು ಕಾಗ್ದ ಬರ್ದವ್ರೆ. ಕಿವಿ ತೆಕ್ಕೊಂಡ್ ಕೇಳಿ. ಅಣ್ಣ, ಜೋರಾಗಿ ಓದು."

"ಮನೆಗೆ ಹೋಗಿ ಓದೋಣ ತಂಬಿ."

"ಇಲ್ಲೇ ಓದು. ಇವ್ರೆಲ್ಲ ಕೇಳ್ಬೇಕು."

ಫಿಟ್ಟರು ಬೀಡಿ ಆರಿಸಿದ. ಅಣ್ಣ ಒಂದೊಂದೇ ಸಾಲು ತಮಿಳಿನಲ್ಲಿ ಓದಿ, ತೆಲುಗಿನವರಿಗೂ ಹಳ್ಳಿಯವರಿಗೂ ಪೂರ್ತಿ ತಿಳಿಯಲೆಂದು ಕನ್ನಡದಲ್ಲಿ ಹೇಳುತ್ತಾ ಹೋದ. ಮೇಷ್ಟ್ರು ಬರೆದಿದ್ದರು: 'ನಿಮ್ಮ ವಿಳಾಸ ಕಮಿಟಿಯ ಕಾಗದದಲ್ಲಿ ಸಿಕ್ಕಿತು. ನೀವು ತಿರುವಿಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಡಬ್ಬ ಚಾಚಿದಾಗ ನೀವು ಜೇಬು ಮುಚ್ಚಿಕೊಂಡು, ನಿಲ್ಲುವುದಿಲ್ಲ ಎಂದು ತಮಿಳಿನಲ್ಲಿ ಕೂಗಿದಿರಿ. ಅಷ್ಟು ಜನರಲ್ಲಿ ತಮಿಳು ಮಾತಾಡಿದವರು ನೀವೊಬ್ಬರೇ. ಹಿಂದಿನಿಂದ ನಾನು ಕರೆದೆ, ನೀವು ಕೈ ಬೀಸಿ ಓಡಿದಿರಿ.'

 ನಾನು ಫಿಟ್ಟರಿನ ಮುಖವನ್ನೇ ನೋಡಿದೆ. ಅವನು ಮೆಲ್ಲಗೆ, "ನಿಜಮೇ ರಾ" ಎಂದ. ಆ ಮೂರು ತಿಂಗಳಲ್ಲಿ ನಾನು ನೆಮ್ಮದಿಯಾಗಿ ಉಸಿರಾಡಿದ್ದು ಆಗಲೇ. "ಓದು ಅಣ್ಣ, ಇನ್ನೂ ಇದೆ" ಎಂದೆ.

ಅಣ್ಣ ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡು ಕಾಗದವನ್ನು ಕೆಳಗಿಳಿಸಿದ. ನಾನು ಮತ್ತೆ ಒತ್ತಾಯ ಮಾಡಿದೆ.

'ನಿಮಗೆ ಅನ್ಯಾಯವಾಯಿತೆಂದು ಲಾರಿಯಿಂದ ಇಳಿದ ಮೇಲೆ ನನಗೆ ತಿಳಿಯಿತು. ಅವತ್ತೇ ಕಮಿಟಿಗೆ ಹೋಗಿ ಕಂಡದ್ದನ್ನು ಹೇಳಿದೆ. ಬರೆದೂ ಕೊಟ್ಟೆ. ಅವರು ನಿಮ್ಮ ಸಹಿ ತೋರಿಸಿದರು. ಅವನೇ ಬರಲಿಲ್ಲ ಎನ್ನುತ್ತಾನೆ, ನೀವು ಬಂದ ಎನ್ನುತ್ತೀರಿ, ನಿಮ್ಮ ತಮಿಳು ಜನ ಎಂದು ಸುಳ್ಳು ಸಾಕ್ಷಿ ಹೇಳುತ್ತೀರಾ ಎಂದರು. ಶಾಲೆಗೆ ದೂರು ಹೋಯಿತು. ಹೆಡ್‌ಮಾಸ್ಟರು ಎಲ್ಲ ಮೇಷ್ಟ್ರುಗಳ ಮುಂದೆ ನಿಲ್ಲಿಸಿ ಕೇಳಿದರು. ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದೇನೆ, ನನ್ನನ್ನು ಸುಳ್ಳುಗಾರ ಎಂದು ಯಾರೂ ಅಂದಿರಲಿಲ್ಲ. ಈಗ ಮಕ್ಕಳೂ ಅನ್ನುತ್ತವೆ. ನನ್ನನ್ನು ಬೇರೆ ದ್ವೀಪದ ಶಾಲೆಗೆ ಹಾಕಿದ್ದಾರೆ.'

ರೈಲು ಎಲ್ಲೋ ನಿಂತಿತು, ಯಾರೂ ಇಳಿಯಲಿಲ್ಲ. ಅಣ್ಣ ಕೊನೆಯ ಸಾಲುಗಳನ್ನು ತಮಿಳಿನಲ್ಲಷ್ಟೇ ಓದಿದ, ಕನ್ನಡದಲ್ಲಿ ಹೇಳಲಿಲ್ಲ. ಆದರೂ ಅಲ್ಲಿದ್ದ ಎಲ್ಲರಿಗೂ ಅದು ಅರ್ಥವಾಯಿತು.

'ನಿಮ್ಮ ಮೇಲೆ ಕೋಪವಿಲ್ಲ. ಒಂದೇ ಒಂದು ಕೇಳಬೇಕು ಎಂದು ಬರೆಯುತ್ತಿದ್ದೇನೆ. ನೀವು ಅವತ್ತು ಅಲ್ಲಿಗೆ ಬಂದಿದ್ದಿರಿ ಅಲ್ಲವೇ? ಎಲ್ಲರೂ ಇಲ್ಲ ಎಂದು ಹೇಳಿ ಹೇಳಿ ನನಗೇ ಈಗ ಅನುಮಾನ ಬರುತ್ತಿದೆ.'

 ನಾನು ಇನ್ನೂ ನಿಂತೇ ಇದ್ದೆ. ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಸುತ್ತ ನೋಡಿದೆ.

"ಬಂದಿದ್ದೆ ಅಣ್ಣ" ಎಂದೆ.

ಅಣ್ಣ ಕಾಗದವನ್ನು ಮಡಿಚಿ ನನ್ನ ಕೈಯಲ್ಲಿಟ್ಟ. "ನಂಗಲ್ಲ ತಂಬಿ. ಅವ್ರಿಗೆ ಹೇಳು" ಎಂದ.